ಕೊಟ್ಟಷ್ಟು ಕೊಡಿ

ಮೊದಲ ದಿನ ಫಿಲೋಮಿನಾ ಅಂದುಬಿಟ್ಟಳು:
"ಕೊಟ್ಟಷ್ಟು ಕೊಡಿ ಸಾರ್."
ಕನ್ನಡಕದ ಅಂಗಡಿಯಾತ ನಲವತ್ತು ಕೊಟ್ಟ,
ಬೈಟು ಟೀ ಕೊಡಿಸಿದ.
ಅರಸು ರಸ್ತೆ ಮುಗಿಯುವವರೆಗೂ
ನಾನು ಅವಳ ಜೊತೆ ಮಾತಾಡಲಿಲ್ಲ.

ಆಸ್ಪತ್ರೆಯ ಕಂಟ್ರಾಕ್ಟು ಬಿಟ್ಟು ಬಂದವರು ನಾವು,
ಒಂಬತ್ತು ವರ್ಷ ನೆಲ ಒರೆಸಿದವರು.
ಗಾಜಿಗೆ ತಲೆ ಎತ್ತಬೇಕು.
ಕತ್ತು ನೋವು ಬೇರೆ ಥರದ್ದು.

ಶಿವರಾಂಪೇಟೆಯಲ್ಲಿ ಕೊಂಡದ್ದು
ಹದಿನಾಲ್ಕು ಇಂಚಿನ ರಬ್ಬರು ಪಟ್ಟಿ
(ಹಿತ್ತಾಳೆ ಹಿಡಿಯದ್ದು ದುಬಾರಿ, ಸ್ಟೀಲೇ ಸಾಕು ಅಂದೆ),
ಉದ್ದನೆಯ ಬಕೆಟ್ಟು, ಕಲೆ ಕೆರೆಯಲು ಬ್ಲೇಡಿನ ಹಿಡಿ.
ಏಣಿ ಬಾಡಿಗೆಗೆ, ದಿನಕ್ಕೆ ಎಂಬತ್ತು,
ಪೇಂಟರ್ ನಂಜರಾಜನದ್ದು;
ಅದರ ಮೆಟ್ಟಿಲ ಮೇಲೆಲ್ಲ ಊರಿನ ಗೋಡೆಗಳ ಬಣ್ಣ.
ಬಟ್ಟೆ ಮಾತ್ರ ಕೊಳ್ಳಲಿಲ್ಲ.
ಮಾವನ ಪಂಚೆ, ಇಪ್ಪತ್ತು ವರ್ಷ ಒಗೆಸಿಕೊಂಡದ್ದು,
ಗಾಜಿನ ಮೇಲೆ ಒಂದೆಳೆ ನೂಲು ಬಿಡುವುದಿಲ್ಲ.
ಒಟ್ಟು ಎರಡು ಸಾವಿರದ ಮುನ್ನೂರ ಹತ್ತು.
ನನ್ನ ಪಾಲು ಚೀಟಿ ದುಡ್ಡು.
ಅವಳದ್ದು ಕೇಳಲಿಲ್ಲ, ಕಿವಿ ಬರಿದಾಗಿತ್ತು.

ಆಮೇಲೆ ಕಲಿತೆವು, ತಪ್ಪಿ ತಪ್ಪಿ.
ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ
ಗಾಜಿಗೆ ಸಿಡುಬು.
ಕಾವೇರಿ ನಲ್ಲಿ ಎಲ್ಲಿದೆ ಮೊದಲು ಕೇಳು,
ಆಮೇಲೆ ಏಣಿ ಇಳಿಸು.
ಸೋಪು ಒಂದೇ ತೊಟ್ಟು. ಎರಡಾದರೆ ಕಾಮನಬಿಲ್ಲು,
ನೋಡಲು ಚೆಂದ, ದುಡ್ಡು ಹುಟ್ಟುವುದಿಲ್ಲ.
ಪೂರ್ವದ ಗಾಜು ಬಿಸಿಲೇರುವ ಮೊದಲೇ ಮುಗಿಸು.
ಎಳೆದಾಗೆಲ್ಲ ರಬ್ಬರಿನ ಅಂಚು ಒರೆಸು.
ಮುಕ್ಕಾದರೆ ತಿರುಗಿಸಿ ಹಾಕು.
ಎರಡೂ ಅಂಚು ಮುಕ್ಕಾದರೆ
ಬಿಸಾಡಬೇಡ, ಬಚ್ಚಲಿಗಾಗುತ್ತೆ.

ಒಣಗಾಜಿಗೆ ಬ್ಲೇಡು ತಾಗಿಸಿದ್ದು ಒಂದೇ ಸಲ.
ಕಾಳಿದಾಸ ರಸ್ತೆಯ ಬೇಕರಿ. ಕೂದಲಷ್ಟು ಗೀರು.
ಹನ್ನೊಂದು ವಾರ ಬಿಟ್ಟಿ ಒರೆಸಿದೆವು ಅದಕ್ಕೆ.
ಪೊನ್ನಪ್ಪನೂ ಲೆಕ್ಕ ಇಟ್ಟಿದ್ದ:
ಹನ್ನೆರಡನೇ ವಾರ ತಾನಾಗೇ ದುಡ್ಡು ಎಣಿಸಿಟ್ಟ,
ಜೊತೆಗೆ ನಾಲ್ಕು ಬನ್ನು.

ರಬ್ಬರಲ್ಲ ಕಷ್ಟ, ರೇಟು.
ಕಿಟಕಿಗಿಷ್ಟು ಅಂದರೆ, ಕಿಟಕಿ ಎಂದರೆ ಯಾವುದು?
ಜಯಲಕ್ಷ್ಮೀಪುರದ ಬ್ಯಾಂಕಿನಲ್ಲಿ ಹದಿನಾರು ಎಣಿಸಿದ್ದೆ.
ಸಂಜೆ ಮ್ಯಾನೇಜರಮ್ಮ ಒಳಗೆ ಕರೆದು
ಗಾಜಿನ ಮೇಲೆ ಬೆರಳಾಡಿಸಿ ತೋರಿಸಿದರು:
"ಇದಕ್ಕೆ ಒಂದೇ ಮುಖವೇನಮ್ಮ?"
ರಾತ್ರಿ ಎಂಟರವರೆಗೆ ಒಳಮುಖ ಒರೆಸಿದೆವು
ಕಾಸು ಹೆಚ್ಚಿಗೆ ಕೇಳದೆ.

ಈಗ ನೋಟ್‌ಬುಕ್ಕಿನಲ್ಲಿದೆ:
ಹೊರಗೆ ಇಷ್ಟು, ಒಳಗೆ ಇಷ್ಟು, ಏಣಿಗೆ, ಪೇಂಟಿನ ಕಲೆಗೆ,
ಮೊದಲ ಸಲ ಒಂದೂವರೆ ಪಟ್ಟು,
ವಾರ ವಾರ ಕರೆದರೆ ಕಡಿಮೆ.
ಬಾಯಲ್ಲಿ ಬರಬೇಕಲ್ಲ?
ಫಿಲೋಮಿನಾ ಒರೆಸಿದ ಗಾಜಿನೆದುರು ನಿಂತು
ತನ್ನ ಮುಖಕ್ಕೇ ಹೇಳಿಕೊಂಡಳು:
"ನಾನೂರೈವತ್ತು. ನಾನೂರೈವತ್ತು, ಸಾರ್."
ಸಾರ್ ತೆಗಿಯೇ, ಅಂದೆ.
ಒಳಗಿಂದ ಸೇಲ್ಸ್ ಹುಡುಗ
ಗಾಬರಿಯಾಗಿ ನೋಡುತ್ತಿದ್ದ.

ಆಯುಧಪೂಜೆಯ ಮಾರನೇ ದಿನ ನಮಗೆ ಸುಗ್ಗಿ.
ಊರಿನ ಗಾಜಿಗೆಲ್ಲ ವಿಭೂತಿ ಪಟ್ಟೆ,
ಅರಿಶಿನದ ಕೈ, ಬೂದುಗುಂಬಳದ ಸಿಡಿತ.
ಸಂತೆಪೇಟೆಯ ತಕ್ಕಡಿ ಅಂಗಡಿಯ ಚೌಡಾಜಮ್ಮ
ಏಣಿಯ ಕಾಲು ಹಿಡಿದು ಕೂಗಿದಳು:
"ಎಲ್ಲಾನೂ ವರ್ಸ್ರವ್ವ, ಆ ಬೊಟ್ಟೊಂದ್ನ ಬುಟ್ಬುಡಿ."
ಬೊಟ್ಟಿನ ಹತ್ತಿರಕ್ಕೆ ರಬ್ಬರು ಹೋಗುವುದಿಲ್ಲ.
ಬೆರಳಿಗೆ ಪಂಚೆಯ ತುದಿ ಸುತ್ತಿ,
ನಿದ್ದೆಹೋದ ಮಗುವಿನ ಕಣ್ಣಂಚಿಂದ
ಹರಡಿದ ಕಾಡಿಗೆ ತೆಗೆಯುವಂತೆ
ಅರ್ಧ ಗಂಟೆ.
ಉಳಿದ ಗಾಜೆಲ್ಲ ಹತ್ತೇ ನಿಮಿಷ.

"ಕೆಂಪಾಜಿ, ಒರೆಸದೆ ಬಿಟ್ಟದ್ದಕ್ಕೆ
ಎಷ್ಟು ಬರೀಲೇ?" ಕೆಳಗಿಂದ ಫಿಲೋಮಿನಾ,
ಪೆನ್ಸಿಲು ನಾಲಿಗೆಗೆ ಮುಟ್ಟಿಸುತ್ತಾ.
ಮುದುಕಿ ಸೆರಗಿನ ಗಂಟು ಬಿಚ್ಚುತ್ತಾ
ನನ್ನ ಬಾಯಿ ನೋಡುತ್ತಿದ್ದಳು.
ಆ ಹಳೇ ಮಾತು ಈ ಸಲ ನನ್ನ ತುಟಿಗೇ ಬಂದು ನಿಂತಿತು.
ಇಳಿಯದೆ ಹಾಗೇ ನಿಂತೆ ಸ್ವಲ್ಪ ಹೊತ್ತು,
ಸಂಜೆಯೊಳಗೆ ವಾಪಸು ಕೊಡಬೇಕಾದ ಏಣಿಯ ಮೇಲೆ.